ಕಪ್ ಗೆದ್ದ ಊರಿನಲ್ಲಿ ವಿರೋಧ ಪಕ್ಷಕ್ಕೆ ಸೊನ್ನೆ! ಬಾರ್ಬಡೋಸ್‌ನಲ್ಲಿ 30ಕ್ಕೆ 30 ಹೇಗೆ ಬಂತು?

ತುಮಕೂರು_ಸೀನ (ಜುಲೈ 6, 2024)
ಕ್ರಿಕೆಟ್ ಅಂತ ಓಡಿ ಬಂದವರು ಸ್ವಲ್ಪ ತಡೆಯಿರಿ, ಇದು ಚುನಾವಣೆ ವಿಷಯ.

ಟಿ20 ವಿಶ್ವಕಪ್ ಫೈನಲ್ ನಡೆದದ್ದು ಕೆರಿಬಿಯನ್ ದ್ವೀಪ ಬಾರ್ಬಡೋಸ್‌ನಲ್ಲಿ. ಆ ದಿನ ದ್ರಾವಿಡ್ ಕಪ್ ಹಿಡಿದು ಕಿರುಚಿದ್ದು ನೋಡಿ ನಮ್ಮಮ್ಮ ಕೂಡ ಸೋಫಾದಿಂದ ಎದ್ದು ನಿಂತಿದ್ದರು. ಆಮೇಲೆ ಬೆರಿಲ್ ಚಂಡಮಾರುತ ಬಂದು ಟೀಮ್ ಅಲ್ಲೇ ಸಿಕ್ಕಿಹಾಕಿಕೊಂಡಿತಲ್ಲ, ಆಗ ವಿಮಾನ ನಿಲ್ದಾಣ ಯಾವಾಗ ತೆರೆಯಬಹುದು ಅಂತ ಆ ದೇಶದ ಪ್ರಧಾನಿ ಮಿಯಾ ಮೋಟ್ಲಿ ಹೇಳಿದ್ದು ಸುದ್ದಿಯಲ್ಲಿ ಬಂತು. ಯಾರು ಈಯಮ್ಮ ಅಂತ ಹುಡುಕುತ್ತಾ ಕೂತೆ, ರಾತ್ರಿ ಒಂದೂವರೆ ಆಯಿತು.

2018ರ ಮೇ 24ರಂದು ಇವರ ಪಕ್ಷ ಬಿಎಲ್‌ಪಿ, ಅಂದರೆ ಬಾರ್ಬಡೋಸ್ ಲೇಬರ್ ಪಾರ್ಟಿ, 30 ಸೀಟಿನಲ್ಲಿ 30 ಗೆದ್ದಿದೆ. ಸರಿ, ಅಲೆ ಅಂದುಕೊಳ್ಳೋಣ. 2022ರ ಜನವರಿ 19ರಂದು ಮತ್ತೆ 30ಕ್ಕೆ 30! ಅಧಿಕಾರದಲ್ಲಿದ್ದ ಡಿಎಲ್‌ಪಿ, ಅಂದರೆ ಡೆಮಾಕ್ರಟಿಕ್ ಲೇಬರ್ ಪಾರ್ಟಿ, 2018ರಲ್ಲಿ ಸೊನ್ನೆಗೆ ಬಂದು ಸೊನ್ನೆಯಲ್ಲೇ ಕೂತಿತು. ಇಡೀ ದೇಶದಲ್ಲಿ ಇರುವುದು ಸುಮಾರು 2.8 ಲಕ್ಷ ಜನ. 2011ರ ಜನಗಣತಿಯಲ್ಲೇ ನಮ್ಮ ತುಮಕೂರು ನಗರ ಅದಕ್ಕಿಂತ ಜಾಸ್ತಿ ಇತ್ತು.

ನನ್ನ ಪ್ರಶ್ನೆ ಇಷ್ಟೆ. ಜೋರು ಜಬರ್ದಸ್ತಿ ಇಲ್ಲದೆ ಇದು ಹೇಗೆ ಸಾಧ್ಯ? ಆಮೇಲೆ, ಸಂಸತ್ತಿನಲ್ಲಿ ಪ್ರಶ್ನೆ ಕೇಳುವವರು ಯಾರು, ಎದುರಿನ ಖಾಲಿ ಬೆಂಚುಗಳಾ?

ಸುಮ್ನೆ_ಓದುವವ
ದ್ರಾವಿಡ್ ಕಿರುಚಿದ್ದಕ್ಕೆ ನನ್ನ ಲೈಕ್. ಉಳಿದದ್ದು ಅರ್ಥವಾಗಲಿಲ್ಲ.

ಲೆಕ್ಕದ_ಮೇಷ್ಟ್ರು
ಸೀನ ಅವರೇ, ಇದರಲ್ಲಿ ಮಾಯ ಮಂತ್ರ ಏನೂ ಇಲ್ಲ, ಬರೀ ಲೆಕ್ಕ. ಅಲ್ಲಿರುವುದು ನಮ್ಮದೇ ಪದ್ಧತಿ, ಬ್ರಿಟಿಷರು ಬಿಟ್ಟು ಹೋದದ್ದು. ಕ್ಷೇತ್ರದಲ್ಲಿ ಯಾರಿಗೆ ಒಂದು ಓಟು ಜಾಸ್ತಿಯೋ ಅವರು ಗೆದ್ದರು, ಉಳಿದ ಓಟೆಲ್ಲ ನೀರಿಗೆ ಹಾಕಿದಂತೆ.

2018ರಲ್ಲಿ ಬಿಎಲ್‌ಪಿಗೆ ಬಿದ್ದದ್ದು ಶೇ 70ಕ್ಕೂ ಜಾಸ್ತಿ ಓಟು, 2022ರಲ್ಲಿ ಶೇ 69ರ ಹತ್ತಿರ. 2022ರಲ್ಲಿ ಡಿಎಲ್‌ಪಿಗೆ ಹೆಚ್ಚು ಕಡಿಮೆ ಕಾಲು ಭಾಗ ಓಟು ಇತ್ತು. ಆದರೆ ಆ ಕಾಲು ಭಾಗ ಒಂದೇ ಕಡೆ ಗುಡ್ಡೆಯಾಗಿರಲಿಲ್ಲ, ಎಲ್ಲ ಕಡೆ ತೆಳ್ಳಗೆ ಹರಡಿತ್ತು. ಅನ್ನ ಬೆಂದಿದೆಯಾ ನೋಡಲು ಒಂದಗುಳು ಸಾಕು ಅಂತೀವಲ್ಲ, ಆ ದ್ವೀಪವೂ ಹಾಗೇ. 34 ಕಿ.ಮೀ. ಉದ್ದ, 23 ಕಿ.ಮೀ. ಅಗಲ. ಉತ್ತರದ ಸೇಂಟ್ ಲೂಸಿಯಲ್ಲಿ ಇರುವ ಸಿಟ್ಟೇ ದಕ್ಷಿಣದ ಕ್ರೈಸ್ಟ್ ಚರ್ಚ್‌ನಲ್ಲೂ ಇರುತ್ತದೆ. ನಮ್ಮಲ್ಲಿ ಹಳೇ ಮೈಸೂರು ಒಂದು ಥರ, ಕರಾವಳಿ ಒಂದು ಥರ, ಕಲ್ಯಾಣ ಕರ್ನಾಟಕ ಇನ್ನೊಂದು ಥರ. ಅದಕ್ಕೇ ಎಂಥ ಅಲೆ ಬಂದರೂ ಎಲ್ಲೋ ಒಂದು ಕಡೆ ತಡೆಯುತ್ತದೆ.

ಗದಗ_ಹುಡುಗ
ಮೇಷ್ಟ್ರೇ, ಲೆಕ್ಕ ಚಲೋ ಐತಿ, ಆದರೆ ಒಂದು ಕೊಕ್ಕೆ. 2013ರಲ್ಲಿ ಅದೇ ದ್ವೀಪ, ಅದೇ ಜನ, ಅದೇ ಪದ್ಧತಿ. ಆಗ ಡಿಎಲ್‌ಪಿ 16, ಬಿಎಲ್‌ಪಿ 14. ಅದಕ್ಕೂ ಹಿಂದೆ 2008ರಲ್ಲಿ ಡಿಎಲ್‌ಪಿ 20, ಬಿಎಲ್‌ಪಿ 10. ದ್ವೀಪ ಆಗಲೂ ಚಿಕ್ಕದೇ ಇತ್ತಲ್ರೀ? ಒಂದಗುಳು ಆಗ ಬೆಂದಿರಲಿಲ್ಲವೇನು?

ಲೆಕ್ಕದ_ಮೇಷ್ಟ್ರು
ಒಪ್ಪಿದೆ. ಓಟು ಸಮ ಸಮ ಇದ್ದರೆ ಸೀಟೂ ಹತ್ತಿರ ಹತ್ತಿರ ಬರುತ್ತವೆ. ಒಂದು ಕಡೆ ಶೇ 60 ದಾಟಿದ ಮೇಲೆ ಪೂರ್ತಿ ವಾಲಿಬಿಡುತ್ತದೆ. ಯಾಕೆ ವಾಲಿತು ಅನ್ನೋದು ಲೆಕ್ಕದವನ ಕೆಲಸ ಅಲ್ಲ, ಅಲ್ಲಿದ್ದವರು ಹೇಳಬೇಕು.

ಕುಂದಾಪ್ರ_ಅಡಿಗೆಯವ
ಅಲ್ಲಿದ್ದವನು ಇಲ್ಲಿದ್ದೇನೆ ಮಾರಾಯ್ರೆ. 2017ರಿಂದ ಬಾರ್ಬಡೋಸ್‌ನ ದಕ್ಷಿಣ ಕರಾವಳಿಯ ಒಂದು ಹೋಟೆಲ್ ಅಡಿಗೆಮನೆಯಲ್ಲಿ ಕೆಲಸ. ಬೆರಿಲ್ ದಿನ ಕಿಟಕಿಗೆ ಹಲಗೆ ಹೊಡೆದು ಒಳಗೆ ಕೂತಿದ್ದವರಲ್ಲಿ ನಾನೂ ಒಬ್ಬ. ಈ ದ್ವೀಪಕ್ಕೆ ಜಾಸ್ತಿ ಏನೂ ಆಗಲಿಲ್ಲ, ಮೀನುಗಾರರ ದೋಣಿಗಳು ಮಾತ್ರ ಬಹಳ ಹಾಳಾದವು. ಗ್ರೆನಾಡಾದ ಕ್ಯಾರಿಯಕೂ ದ್ವೀಪದಲ್ಲಿ ಮನೆಗಳೇ ಉಳಿದಿಲ್ಲ.

2018 ಯಾಕೆ ಹಾಗಾಯಿತು ಅಂತ ಕೇಳಿದಿರಲ್ಲ. ನಾನು ಬಂದ ಹೊಸತರಲ್ಲಿ ವರ್ದಿಂಗ್, ಹೇಸ್ಟಿಂಗ್ಸ್ ಕಡೆ ರಸ್ತೆ ಮೇಲೆ ಕೊಳಚೆ ನೀರು ಹರಿಯುತ್ತಿತ್ತು. ಪ್ರವಾಸಿಗರೇ ಅನ್ನ ಕೊಡುವ ಊರು ಇದು, ಆ ಪ್ರವಾಸಿಗರು ಇಳಿಯುವ ಬೀದಿಯಲ್ಲೇ! ಬೆಳಗ್ಗೆ ಬ್ರೇಕ್‌ಫಾಸ್ಟ್‌ಗೆ ಬೇಕನ್ ಹುರಿಯುವಾಗ ಹಿಂದಿನ ಬಾಗಿಲು ತೆರೆದರೆ ಬೇಕನ್ ವಾಸನೆ ಸೋಲುತ್ತಿತ್ತು. ಹೊರಗೆ ಇಟ್ಟಿದ್ದ ಎರಡು ಟೇಬಲ್ ಒಳಗೆ ಎಳೆದುಕೊಂಡೆವು, ಆಮೇಲೆ ವರ್ಷಗಟ್ಟಲೆ ಅವು ಹೊರಗೆ ಹೋಗಲಿಲ್ಲ.

ಅದೊಂದೇ ಅಲ್ಲ. ನೀಲಿ ಬಣ್ಣದ ಸರ್ಕಾರಿ ಬಸ್ಸುಗಳು ಕೆಟ್ಟು ನಿಂತಿದ್ದವು, ಜನ ಗಂಟೆಗಟ್ಟಲೆ ಸ್ಟಾಪಿನಲ್ಲಿ ಕಾಯುವುದು. ಸಾಲ ಇಡೀ ದೇಶದ ಒಂದು ವರ್ಷದ ಆದಾಯದ ಒಂದೂವರೆ ಪಟ್ಟಿನ ಹತ್ತಿರ. 2017ರಲ್ಲಿ ಒಂದು ತೆರಿಗೆಯನ್ನು ಶೇ 2ರಿಂದ ಒಮ್ಮೆಲೇ 10ಕ್ಕೆ ಏರಿಸಿದರು, ಅದಕ್ಕೆ ಇಟ್ಟ ಹೆಸರು 'ಸಾಮಾಜಿಕ ಜವಾಬ್ದಾರಿ' ಸುಂಕ. ಈ ದೇಶಕ್ಕೆ ಊಟದ ಸಾಮಾನೆಲ್ಲ ಹಡಗಿನಲ್ಲೇ ಬರುವುದು, ಸಾಮಾನು ಬಂದಲ್ಲೇ ಸುಂಕ ಕೂತರೆ ಕೋಳಿಯಿಂದ ಸೋಪಿನ ತನಕ ಎಲ್ಲ ದುಬಾರಿ. ವಿಶ್ವವಿದ್ಯಾಲಯದ ಓದು ಇಲ್ಲಿನವರಿಗೆ ಪುಕ್ಕಟೆ ಇತ್ತು, 2014ರಿಂದ ಫೀಸು ಹಾಕಿದ್ದರು. ಅದು ಅಪ್ಪ ಅಮ್ಮಂದಿರಿಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚಿತ್ತು ಅಂತ ನನ್ನ ಲೆಕ್ಕ.

ಇಷ್ಟೆಲ್ಲ ಇದ್ದೂ ಆಗಿನ ಪ್ರಧಾನಿ ಫ್ರೂಂಡೆಲ್ ಸ್ಟುವರ್ಟ್ ಚುನಾವಣೆ ದಿನ ಹೇಳಲೇ ಇಲ್ಲ. ಸಂಸತ್ತಿನ ಅವಧಿ ಮಾರ್ಚ್‌ನಲ್ಲಿ ತಾನಾಗಿಯೇ ಮುಗಿದುಹೋಯಿತು, ಆಗಲೂ ಇಲ್ಲ. ಜನ ಓಟು ಹಾಕಲು ತುದಿಗಾಲಲ್ಲಿ ನಿಂತಿದ್ದರು. ಕೊನೆಗೆ ಮೇ 24. ಆ ದಿನ ಸ್ಟುವರ್ಟ್ ತಮ್ಮ ಸೀಟನ್ನೇ ಕಳೆದುಕೊಂಡರು.

ತುಮಕೂರು_ಸೀನ
ಅಬ್ಬಾ, ಅಲ್ಲೂ ಒಬ್ಬ ಕನ್ನಡಿಗ! ಗುರುಗಳೇ, ಟೀಮ್ ನಿಮ್ಮ ಹೋಟೆಲ್‌ನಲ್ಲಿ ಇತ್ತಾ?

ಕುಂದಾಪ್ರ_ಅಡಿಗೆಯವ
ಇಲ್ಲ. ಇದ್ದಿದ್ದರೆ ದ್ರಾವಿಡ್‌ಗೆ ನೀರ್ದೋಸೆ ಹಾಕಿ ಕೊಡದೆ ಬಿಡುತ್ತಿದ್ದೆನಾ?

ಶಾಂತಕ್ಕ_ಶಿರಸಿ
ಅಡಿಗೆಯವರೇ, ನೀವು ಹೇಳಿದ್ದೆಲ್ಲ 2018ಕ್ಕೆ ಸರಿ. ಬೇಸತ್ತ ಜನ ಕಿತ್ತು ಒಗೆದರು. 2022ರಲ್ಲಿ ಯಾಕೆ ಮತ್ತೆ ಹಾಗೇ ಆಯಿತು? ನಾಲ್ಕು ವರ್ಷ ಒಬ್ಬರೇ ಆಳಿದ ಮೇಲೆ ಒಂದಾದರೂ ಕ್ಷೇತ್ರದಲ್ಲಿ ಸಿಟ್ಟು ಇರಬೇಕಲ್ಲ?

ಹಳೇ_ಪೇಪರ್
ಅದಕ್ಕೆ ಉತ್ತರ ನಾನು ಕೊಡುತ್ತೇನೆ, ಸ್ವಲ್ಪ ಖಾರ ಇರುತ್ತದೆ.

2021ರ ನವೆಂಬರ್ 30ರಂದು ಬಾರ್ಬಡೋಸ್ ಬ್ರಿಟನ್ ರಾಣಿಯನ್ನು ಬಿಟ್ಟು ಗಣರಾಜ್ಯ ಆಯಿತು. ಚಾರ್ಲ್ಸ್ ಬಂದು ಕೂತು ನೋಡಿದರು, ರಿಹಾನ್ನಾಳನ್ನು ರಾಷ್ಟ್ರವೀರೆ ಅಂತ ಸಾರಿದರು, ಗವರ್ನರ್ ಜನರಲ್ ಆಗಿದ್ದ ಸಾಂಡ್ರಾ ಮೇಸನ್ ಮೊದಲ ಅಧ್ಯಕ್ಷೆಯಾದರು. ಊರೆಲ್ಲ ಹಬ್ಬ. ಹಬ್ಬದ ತೋರಣ ಬಾಡುವ ಮುಂಚೆ, ಡಿಸೆಂಬರ್ 27ಕ್ಕೆ, ಅಂದರೆ ಕ್ರಿಸ್‌ಮಸ್ ಆದ ಎರಡನೇ ದಿನ ಮೋಟ್ಲಿ ಚುನಾವಣೆ ಸಾರಿದರು. ಅವಧಿ ಇನ್ನೂ ಒಂದು ವರ್ಷಕ್ಕಿಂತ ಜಾಸ್ತಿ ಬಾಕಿ ಇತ್ತು. ಡಿಎಲ್‌ಪಿಯವರು ಕ್ರಿಸ್‌ಮಸ್ ಹ್ಯಾಮ್ ತಿಂದು ಕೈ ತೊಳೆಯುವುದರೊಳಗೆ ನಾಮಪತ್ರ ಸಲ್ಲಿಸಬೇಕಾಯಿತು! ಇಪ್ಪತ್ತಮೂರು ದಿನದಲ್ಲಿ ಎಲ್ಲ ಮುಗಿಯಿತು. ಅದೂ ಓಮಿಕ್ರಾನ್ ಜೋರಾಗಿದ್ದ ಹೊತ್ತಿನಲ್ಲಿ. ಸೋಂಕು ತಗಲಿ ಮನೆಯಲ್ಲೇ ಇರಬೇಕಾದ ಸಾವಿರಾರು ಜನ ಓಟು ಹಾಕಲು ಆಗಲಿಲ್ಲ. ಕೋರ್ಟಿಗೂ ಹೋದರು, ಚುನಾವಣೆ ನಿಲ್ಲಲಿಲ್ಲ.

ಯಾವಾಗ ಆಟ ಶುರು ಅಂತ ಹೇಳುವವರೇ ಆಟಗಾರರೂ ಆದರೆ ಹೀಗೇ ಆಗೋದು. ಬ್ಯಾಟಿಂಗ್ ಮಾಡುವವನೇ ಅಂಪೈರ್!

ಲೆಕ್ಕದ_ಮೇಷ್ಟ್ರು
ಹಳೇ ಪೇಪರ್ ಅವರೇ, ಅದು ಅಲ್ಲಿನ ಕಾನೂನು, ಮೋಸ ಅಲ್ಲ. ಬ್ರಿಟನ್ ಪದ್ಧತಿಯ ಬಹಳ ದೇಶಗಳಲ್ಲಿ ದಿನ ಆರಿಸುವುದು ಪ್ರಧಾನಿಯ ಕೈಯಲ್ಲೇ. ಸ್ಟುವರ್ಟ್ ತಡ ಮಾಡಿ ಸೋತರು, ಮೋಟ್ಲಿ ಬೇಗ ಮಾಡಿ ಗೆದ್ದರು. ಅಧಿಕಾರ ಇಬ್ಬರಿಗೂ ಒಂದೇ ಇತ್ತು.

ಹಳೇ_ಪೇಪರ್
ಕಾನೂನು ಅಂತ ಗೊತ್ತು. ಚೆಂದ ಇಲ್ಲ ಅಂತ ಹೇಳಿದ್ದು.

ಬೆಂಗ್ಳೂರ್_ಬಾಯ್
ಗುರೂ, ಅಲ್ಲಿ ಓಟು ಹಾಕಿದವರೇ ಅರ್ಧಕ್ಕಿಂತ ಕಡಿಮೆ ಅಂತೆ? ಹಾಗಾದ್ರೆ 30-0 ಅನ್ನೋದಕ್ಕೆ ಏನು ಬೆಲೆ?

ಲೆಕ್ಕದ_ಮೇಷ್ಟ್ರು
ಅರ್ಧಕ್ಕಿಂತ ಕಡಿಮೆ ಅನ್ನೋದು ನಿಜ. 2018ರಲ್ಲಿ ಶೇ 60ರ ಹತ್ತಿರ ಇತ್ತು, 2022ರಲ್ಲಿ ಧಡ್ ಅಂತ ಬಿತ್ತು. ಆದರೆ ಇಲ್ಲೊಂದು ಮೋಜು ನೋಡಿ. ದೇಶದ ಜನ 2.8 ಲಕ್ಷ, ಮತದಾರರ ಪಟ್ಟಿಯಲ್ಲಿ ಹೆಸರು 2.6 ಲಕ್ಷಕ್ಕಿಂತ ಜಾಸ್ತಿ! ಹಾಗಾದರೆ ಆ ದೇಶದಲ್ಲಿ ಮಕ್ಕಳೇ ಇಲ್ಲವಾ? ತೀರಿಕೊಂಡವರು, ಲಂಡನ್ನು, ನ್ಯೂಯಾರ್ಕು, ಟೊರಾಂಟೊ ಸೇರಿದವರು ಎಲ್ಲರೂ ಪಟ್ಟಿಯಲ್ಲಿ ಕೂತಿದ್ದಾರೆ. ಪಟ್ಟಿ ಊದಿಕೊಂಡರೆ ಶೇಕಡಾವಾರು ಸೊರಗುತ್ತದೆ. ನಿಜವಾಗಿ ಊರಲ್ಲಿ ಇದ್ದವರ ಪೈಕಿ ಓಟು ಹಾಕಿದವರು ಅದಕ್ಕಿಂತ ಜಾಸ್ತಿ ಇರಲೇಬೇಕು.

ಗದಗ_ಹುಡುಗ
ತೀರಿಕೊಂಡವರು ಪಟ್ಟಿಯಲ್ಲಿ ಇರೋದು ನಮಗೇನು ಹೊಸದಲ್ಲ ಬಿಡ್ರಿ. ನಮ್ಮಲ್ಲಿ ಅವರು ಬಂದು ಓಟೂ ಹಾಕ್ತಾರೆ.

ಶಾಂತಕ್ಕ_ಶಿರಸಿ
😂😂

ಕುಂದಾಪ್ರ_ಅಡಿಗೆಯವ
ಈಗ ನಿಮಗೊಂದು ಗುಟ್ಟು ಹೇಳುತ್ತೇನೆ. 2022ರಲ್ಲಿ ನಾನೂ ಓಟು ಹಾಕಿದ್ದೇನೆ!

ಬೆಂಗ್ಳೂರ್_ಬಾಯ್
ಏನು?? ನೀವು ಇಂಡಿಯನ್ ಪಾಸ್‌ಪೋರ್ಟ್ ಬಿಟ್ಟುಕೊಟ್ರಾ?

ಕುಂದಾಪ್ರ_ಅಡಿಗೆಯವ
ಎಂತ ಬಿಡುವುದು, ಪಾಸ್‌ಪೋರ್ಟ್ ಇಲ್ಲೇ ಡ್ರಾಯರ್‌ನಲ್ಲಿದೆ. ಇಲ್ಲಿನ ಕಾನೂನು ಹಾಗೆ. ಕಾಮನ್‌ವೆಲ್ತ್ ದೇಶದ ಪ್ರಜೆ ಮೂರು ವರ್ಷ ಇಲ್ಲಿ ನೆಲೆಸಿದ್ದರೆ ಪಟ್ಟಿಗೆ ಹೆಸರು ಸೇರಿಸಬಹುದು. ಭಾರತವೂ ಕಾಮನ್‌ವೆಲ್ತ್ ಅಲ್ವಾ. ನನಗೆ ಇದು ಗೊತ್ತೇ ಇರಲಿಲ್ಲ. ನಮ್ಮ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುವ ಅಮ್ಮ ಒಬ್ಬರಿದ್ದಾರೆ, ಅವರೇ ಗಂಟು ಬಿದ್ದು ಹೆಸರು ಬರೆಸಿದರು.

ಓಟಿನ ದಿನ ಬೆಳಗ್ಗೆ ಪಾಳಿ ಮುಗಿಸಿ ಹತ್ತಿರದ ಪ್ರೈಮರಿ ಶಾಲೆಗೆ ಹೋದೆ. ಬಾಗಿಲಲ್ಲಿ ಕೈಗೆ ಸ್ಯಾನಿಟೈಸರ್. ಮಕ್ಕಳು ಬರೆದ ಮೀನಿನ ಚಿತ್ರಗಳು ಗೋಡೆ ಮೇಲೆ, ಮಕ್ಕಳು ಕೂರುವ ಪುಟ್ಟ ಕುರ್ಚಿಗಳ ಮೇಲೆ ದಪ್ಪ ದಪ್ಪ ಏಜೆಂಟರು. ಅಲ್ಲಿ ಕ್ಲರ್ಕ್ ನಮ್ಮ ಹೆಸರನ್ನು ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಬೇಕು. ನನ್ನದು ಊರು, ಅಪ್ಪ, ನಾನು, ಜಾತಿ ಎಲ್ಲ ಸೇರಿ ಮೂರು ಗಾಡಿಯ ರೈಲು. ಆಯಮ್ಮ ಒಂದು ಸಲ ಓದಿದರು, ಅರ್ಧಕ್ಕೆ ನಿಂತರು. ಎರಡನೇ ಸಲ ಕನ್ನಡಕ ಒರೆಸಿಕೊಂಡು ಓದಿದರು. ಮೂರನೇ ಸಲ ಕಾರ್ಡನ್ನು ನನ್ನ ಕೈಗೆ ಕೊಟ್ಟು ನೀನೇ ಓದಪ್ಪ ಅಂದರು. ಎರಡೂ ಪಕ್ಷದ ಏಜೆಂಟರು ಒಟ್ಟಿಗೆ ನಕ್ಕರು. ಆಮೇಲೆ ಚೀಟಿ, ಕತ್ತರಿ ಗುರುತು, ಮಡಚು, ಡಬ್ಬಿಗೆ ಹಾಕು. ಮಿಷನ್ ಇಲ್ಲ, ಬಟನ್ ಇಲ್ಲ, ಪೀಂ ಅನ್ನುವ ಸದ್ದಿಲ್ಲ. ಹೊರಗೆ ಬಂದು ಒಂದು ನಿಮಿಷ ನಿಂತುಕೊಂಡೆ, ಏನೋ ಮುಗಿಯಲಿಲ್ಲ ಅನಿಸಿತು. ಆ ಪೀಂ ಇಲ್ಲದ್ದಕ್ಕೆ ಇರಬೇಕು.

ಯಾರಿಗೆ ಅಂತ ಕೇಳಬೇಡಿ.

ತುಮಕೂರು_ಸೀನ
ಯಾರಿಗೆ?

ಕುಂದಾಪ್ರ_ಅಡಿಗೆಯವ
ಮೂವತ್ತರಲ್ಲಿ ಒಬ್ಬರಿಗೆ, ಅಥವಾ ಅಲ್ಲ.

ಅದೇ ರಾತ್ರಿ ಆ ಅಮ್ಮನ ಮನೆಯಲ್ಲಿ ಟಿವಿ ನೋಡಿದೆವು. ಅವರ ಅಪ್ಪನಿಗೆ ಎಂಬತ್ತು ದಾಟಿದೆ, ಸೇಂಟ್ ಜಾನ್ ಕಡೆಯವರು, ಹುಟ್ಟಾ ಡಿಎಲ್‌ಪಿ. ಇಲ್ಲಿ ಡಿಎಲ್‌ಪಿಯವರನ್ನು 'ಡೆಮ್ಸ್' ಅಂತಾರೆ, ಬಿಎಲ್‌ಪಿಯವರನ್ನು 'ಬೀಸ್'. ಸೇಂಟ್ ಜಾನ್ ಅಂದರೆ ಡೆಮ್ಸ್‌ಗೆ ಗರ್ಭಗುಡಿ. ಸ್ವಾತಂತ್ರ್ಯ ತಂದ ಎರೋಲ್ ಬ್ಯಾರೋ ಅಲ್ಲಿಂದ 1958ರಲ್ಲಿ ಗೆದ್ದು ಬಂದವರು, ಅವರ ನಂತರ ಡೇವಿಡ್ ಥಾಮ್ಸನ್, ಥಾಮ್ಸನ್ ತೀರಿಕೊಂಡ ಮೇಲೆ ಅವರ ಹೆಂಡತಿ. 2018ರಲ್ಲಿ ಅದೂ ಹೋಯಿತು. 2022ರಲ್ಲಿ ಅಜ್ಜ ಹಳದಿ ಅಂಗಿ ಹಾಕಿಕೊಂಡು ಟಿವಿ ಮುಂದೆ ಕೂತಿದ್ದರು. ಒಂದೊಂದೇ ಕ್ಷೇತ್ರ ಕೆಂಪಾಗುತ್ತಾ ಬಂತು. ಸೇಂಟ್ ಜಾನ್ ಕೂಡ ಕೆಂಪಾದಾಗ ಅವರೇನೂ ಹೇಳಲಿಲ್ಲ. ಎದ್ದು ಹೋಗಿ ಅಂಗಿ ಬದಲಿಸಿಕೊಂಡು ಬಂದು, ತಿನ್ನಲಿಕ್ಕೆ ಏನಿದೆ ಅಂದರು.

ಶಾಂತಕ್ಕ_ಶಿರಸಿ
ಅಯ್ಯೋ ಪಾಪ.

ಹಳೇ_ಪೇಪರ್
ಸೇಂಟ್ ಜಾನ್‌ನಲ್ಲಿ ಗೆದ್ದ ಬಿಎಲ್‌ಪಿಯವರ ಹೆಸರು ಚಾರ್ಲ್ಸ್ ಗ್ರಿಫಿತ್. 1962ರಲ್ಲಿ ಇದೇ ದೇಶದ ರಾಜಧಾನಿ ಬ್ರಿಜ್‌ಟೌನ್‌ನಲ್ಲಿ ನಮ್ಮ ಕ್ಯಾಪ್ಟನ್ ನಾರಿ ಕಾಂಟ್ರಾಕ್ಟರ್ ತಲೆಬುರುಡೆ ಒಡೆದ ವೇಗಿ! ಅವರು ನಿಂತರೆ ಯಾರಿಗೆ ತಾನೇ ಎದುರು ನಿಲ್ಲಲು ಧೈರ್ಯ ಬರುತ್ತದೆ?

ಕ್ರಿಕೆಟ್_ಕಿಟ್ಟಣ್ಣ
ಸ್ವಾಮಿ, ನಿಲ್ಲಿಸಿ. ಆ ವೇಗಿ ಚಾರ್ಲಿ ಗ್ರಿಫಿತ್ ಹುಟ್ಟಿದ್ದು 1938ರಲ್ಲಿ, 2022ಕ್ಕೆ ಎಂಬತ್ಮೂರು ವರ್ಷ. ಇವರು ಬೇರೆ ಗ್ರಿಫಿತ್. ಆ ಊರಲ್ಲಿ ಗ್ರಿಫಿತ್ ಅಂದರೆ ನಮ್ಮಲ್ಲಿ ಮಂಜುನಾಥ ಇದ್ದ ಹಾಗೆ.

ಆದರೆ ನಿಮ್ಮ ಆಸೆಗೆ ಇನ್ನೊಂದು ಹೆಸರು ಕೊಡುತ್ತೇನೆ. ಗ್ರಿಫಿತ್ ಜೋಡಿ ವೆಸ್ ಹಾಲ್, ಅವರು ನಿಜವಾಗಿಯೂ ರಾಜಕೀಯಕ್ಕೆ ಬಂದರು. ಡಿಎಲ್‌ಪಿ ಸರ್ಕಾರದಲ್ಲಿ ಪ್ರವಾಸೋದ್ಯಮ ಮಂತ್ರಿ. ಆಮೇಲೆ ಪಾದ್ರಿಯೂ ಆದರು. ಅಷ್ಟು ಉದ್ದದ ರನ್ ಅಪ್ ತೆಗೆದುಕೊಂಡವರು ಎಲ್ಲಿ ಬೇಕಾದರೂ ತಲುಪುತ್ತಾರೆ.

ಹಳೇ_ಪೇಪರ್
ತಪ್ಪಾಯಿತು, ಒಪ್ಪಿಕೊಂಡೆ. ಹೆಸರು ನೋಡಿ ಮೋಸ ಹೋದೆ.

ಸುಮ್ನೆ_ಓದುವವ
1997ರಲ್ಲಿ ಇದೇ ಗ್ರೌಂಡಿನಲ್ಲಿ 120 ಹೊಡೆಯಲಾಗದೆ 81ಕ್ಕೆ ಆಲೌಟ್ ಆಗಿದ್ದೆವು. ದ್ರಾವಿಡ್ ಆ ಟೀಮ್‌ನಲ್ಲಿದ್ದರು. ಅದಕ್ಕೇ ಆ ಕಿರುಚಾಟ. ಈಗ ನನಗೆ ಎಲ್ಲ ಅರ್ಥವಾಯಿತು.

ಗದಗ_ಹುಡುಗ
ಸೀನಣ್ಣನ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಎದುರು ಬೆಂಚಿನಲ್ಲಿ ಯಾರು ಕೂಡ್ತಾರ್ರೀ?

ಶಾಸನ_ಸಭಾಪತಿ
ಅದು ಸ್ವಾರಸ್ಯದ ಭಾಗ. ಮೇಲ್ಮನೆ ಸೆನೆಟ್‌ನಲ್ಲಿ 21 ಜನ. 12 ಮಂದಿ ಪ್ರಧಾನಿ ಹೇಳಿದವರು, 7 ಮಂದಿ ಅಧ್ಯಕ್ಷರು ತಾವೇ ಆರಿಸುವವರು, 2 ಮಂದಿ ವಿರೋಧ ಪಕ್ಷದ ನಾಯಕ ಹೇಳಿದವರು. ಕೆಳಮನೆಯಲ್ಲಿ 30-0 ಆದರೆ ವಿರೋಧ ಪಕ್ಷದ ನಾಯಕನೇ ಇಲ್ಲ, ಮತ್ತೆ ಆ ಎರಡು ಕುರ್ಚಿ ಯಾರ ಮಾತಿನ ಮೇಲೆ ತುಂಬಬೇಕು? 2018ರಲ್ಲಿ ಮೋಟ್ಲಿ ಸಂವಿಧಾನವನ್ನೇ ತಿದ್ದಿ, ಎರಡನೇ ಸ್ಥಾನ ಬಂದ ಪಕ್ಷಕ್ಕೆ ಆ ಎರಡು ಸೀಟು ಕೊಡೋಣ ಅಂದರು.

ಅಷ್ಟರಲ್ಲಿ ಒಂದು ತಮಾಷೆ ಆಯಿತು. ಗೆದ್ದು ಒಂದು ವಾರ ಆಗಿತ್ತೋ ಇಲ್ಲವೋ, ಅವರದೇ ಪಕ್ಷದ ಸದಸ್ಯ, ಬಿಷಪ್ ಜೋಸೆಫ್ ಆಥರ್ಲಿ, ಎದ್ದು ಎದುರು ಬೆಂಚಿಗೆ ಹೋಗಿ ಕೂತರು. ಒಬ್ಬರೇ! ವಿರೋಧ ಪಕ್ಷದ ನಾಯಕರೂ ಅವರೇ, ವಿರೋಧ ಪಕ್ಷವೂ ಅವರೇ. ಮೋಟ್ಲಿ ಅವರ ಮೊದಲ ಸಂಪುಟದಲ್ಲಿ 26 ಜನ ಇದ್ದರು, ಅದರಲ್ಲಿ ಆಥರ್ಲಿ ಹೆಸರು ಇರಲಿಲ್ಲ ಅನ್ನೋದನ್ನೂ ಜನ ನೆನಪಿಸಿದರು. 2022ರಲ್ಲಿ ಅವರು ಬೇರೆ ಪಕ್ಷ ಕಟ್ಟಿ ನಿಂತು ಸೋತರು.

ಈಗ ಎರಡನೇ ಸಲ ನೋಡಿ. 2022ರ 30-0 ಆದ ಮೇಲೆ ಎರಡು ವರ್ಷ ಬೆಂಚು ಖಾಲಿ. ಇದೇ 2024ರ ಫೆಬ್ರವರಿಯಲ್ಲಿ ಬಿಎಲ್‌ಪಿಯ ರಾಲ್ಫ್ ಥಾರ್ನ್ ಎದ್ದು ಡಿಎಲ್‌ಪಿ ಕಡೆ ಹೋಗಿ ವಿರೋಧ ಪಕ್ಷದ ನಾಯಕರಾದರು. ಅಂದರೆ ಸೀನ ಅವರು ಕೇಳಿದ 'ಸೊನ್ನೆ' ಈ ಹೊತ್ತಿಗೆ ಸೊನ್ನೆ ಅಲ್ಲ, ಒಂದು. ಆದರೆ ಆ ಒಂದನ್ನು ಮತದಾರರು ಕೊಟ್ಟದ್ದಲ್ಲ.

ಬೆಂಗ್ಳೂರ್_ಬಾಯ್
ಅಂದರೆ ಪಕ್ಷಾಂತರ! ನಮ್ಮಲ್ಲಾದರೆ ಅನರ್ಹ ಆಗಿ ಮನೆಗೆ ಹೋಗ್ತಿದ್ರು.

ಶಾಸನ_ಸಭಾಪತಿ
ಹೌದು, ನಮ್ಮಲ್ಲಿ 1985ರಿಂದ ಪಕ್ಷಾಂತರ ತಡೆ ಕಾನೂನು ಇದೆ. ಅಲ್ಲಿ ಅಂಥದ್ದಿಲ್ಲ, ಪಕ್ಷ ಬಿಟ್ಟರೂ ಸೀಟು ಉಳಿಯುತ್ತದೆ. ನಮಗೆ ಪಕ್ಷಾಂತರ ಅಂದರೆ ಸರ್ಕಾರ ಬೀಳಿಸುವ ಆಟ. ಅಲ್ಲಿ ಪಕ್ಷಾಂತರ ಆಗದಿದ್ದರೆ ವಿರೋಧ ಪಕ್ಷವೇ ಹುಟ್ಟುವುದಿಲ್ಲ. ಅಧಿಕಾರ ಇರುವ ಕಡೆಯಿಂದ ಇಲ್ಲದ ಕಡೆಗೆ ಹಾರುವವರನ್ನು ನೀವು ನಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ?

ಬೆಂಗ್ಳೂರ್_ಬಾಯ್
ಅದು ಪಾಯಿಂಟು. 2019ರಲ್ಲಿ ನಮ್ಮ 17 ಜನ ಶಾಸಕರು ಅನರ್ಹರಾಗಿ, ಮುಂಬೈ ಹೋಟೆಲ್‌ನಲ್ಲಿ ಕೂತು, ಆಮೇಲೆ ಮತ್ತೆ ನಿಂತು ಗೆದ್ದು ಮಂತ್ರಿ ಆದವರೂ ಇದ್ದಾರೆ. ಆ ಪಕ್ಷದವರು ಮಾಡಿದ್ದು

ನಿರ್ವಾಹಕ
ಕರ್ನಾಟಕ ರಾಜಕೀಯಕ್ಕೆ ಬೇರೆ ಚರ್ಚೆ ಇದೆ, ಅಲ್ಲಿ ಹೋಗಿ ಹೊಡೆದಾಡಿ. ಇಲ್ಲಿ ಬಾರ್ಬಡೋಸ್.

ಗದಗ_ಹುಡುಗ
ನಿರ್ವಾಹಕರೇ, ಒಂದೇ ಒಂದು ಮಾತು. ನಮ್ಮ ಲೋಕಸಭೆಯಲ್ಲೂ 2014ರಿಂದ ಮೊನ್ನೆ ಜೂನ್ ತನಕ ವಿರೋಧ ಪಕ್ಷದ ನಾಯಕನ ಸ್ಥಾನ ಖಾಲಿ ಇತ್ತು, ಶೇ 10 ಸೀಟು ಯಾರಿಗೂ ಬರಲಿಲ್ಲ ಅಂತ. 140 ಕೋಟಿ ಜನರ ದೇಶಕ್ಕೇ ಹತ್ತು ವರ್ಷ ಇರಲಿಲ್ಲ, ಮೂರು ಲಕ್ಷದ ದ್ವೀಪಕ್ಕೆ ಯಾಕೆ ನಗಬೇಕು? ಮುಗೀತು, ನಮಸ್ಕಾರ.

ಕೆರಿಬಿಯನ್_ಕಣ್ಣು
ಇದು ಬಾರ್ಬಡೋಸ್ ಒಂದರ ಕಥೆ ಅಲ್ಲ. ಪಕ್ಕದ ಗ್ರೆನಾಡಾದಲ್ಲಿ ಕೀತ್ ಮಿಚೆಲ್ ಅವರ ಪಕ್ಷ 1999, 2013, 2018, ಹೀಗೆ ಮೂರು ಸಲ 15ಕ್ಕೆ 15 ಗೆದ್ದಿತ್ತು. ಅಲ್ಲೂ 2018ರಲ್ಲಿ ಗೆದ್ದ ಪಕ್ಷದವರೊಬ್ಬರು ಎದುರಿಗೆ ಹೋಗಿ ನಾಯಕರಾದರು. ಹಾಗಂತ ಕೀತ್ ಮಿಚೆಲ್ ಗೂಟ ಹೊಡೆದುಕೊಂಡು ಕೂತರಾ? ಇಲ್ಲ. 2022ರ ಜೂನ್‌ನಲ್ಲಿ ಡಿಕನ್ ಮಿಚೆಲ್ ಅನ್ನುವ ಹೊಸಬ ಬಂದು 9-6ರಿಂದ ಸೋಲಿಸಿದರು. 15-0 ಇದ್ದದ್ದು ನಾಲ್ಕೇ ವರ್ಷಕ್ಕೆ ಮಗುಚಿತು. ಸೇಂಟ್ ವಿನ್ಸೆಂಟ್‌ನಲ್ಲೂ 1989ರಲ್ಲಿ 15-0 ಆಗಿತ್ತು.

ಜಮೈಕಾದಲ್ಲಿ 1983ರಲ್ಲಿ 60ಕ್ಕೆ 60, ಆದರೆ ಅದು ಬೇರೆ ಜಾತಿ, ಅಲ್ಲಿ ವಿರೋಧ ಪಕ್ಷ ಚುನಾವಣೆಯನ್ನೇ ಬಹಿಷ್ಕರಿಸಿತ್ತು.

ಲೆಕ್ಕದ_ಮೇಷ್ಟ್ರು
ನಮ್ಮ ಸಿಕ್ಕಿಂ ಮರೆಯಬೇಡಿ. 1989ರಲ್ಲಿ, ಆಮೇಲೆ 2009ರಲ್ಲಿ 32ಕ್ಕೆ 32. ಈ ವರ್ಷ 31. ಮೊನ್ನೆ ಗುರುವಾರ ಬ್ರಿಟನ್‌ನಲ್ಲೇ ನೋಡಿದಿರಲ್ಲ, ಲೇಬರ್ ಪಕ್ಷಕ್ಕೆ ಸುಮಾರು ಶೇ 34 ಓಟು, ಸೀಟು 650ರಲ್ಲಿ 400ಕ್ಕೂ ಜಾಸ್ತಿ! ಆ ಲೆಕ್ಕಕ್ಕೆ ಬಾರ್ಬಡೋಸ್ ಎಷ್ಟೋ ವಾಸಿ, ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಓಟು ನಿಜವಾಗಿಯೂ ಅವರಿಗೇ ಬಿದ್ದಿತ್ತು.

ಶಾಂತಕ್ಕ_ಶಿರಸಿ
ಹಾಗಾದರೆ ಓಟು ಎಷ್ಟೋ ಸೀಟು ಅಷ್ಟೇ ಅನ್ನುವ ಪದ್ಧತಿ ತಂದರೆ ಆಗದಾ? ಆ ಅಜ್ಜನ ಓಟಿಗೂ ಒಂದು ಕುರ್ಚಿ ಸಿಗಲಿ.

ಕೆರಿಬಿಯನ್_ಕಣ್ಣು
ಶಾಂತಕ್ಕ, ಗಯಾನಾದಲ್ಲಿ ಆ ಪದ್ಧತಿ ಇದೆ. ಅಲ್ಲಿ ಜನ ಓಟು ಹಾಕುವುದು ಬಹಳ ಮಟ್ಟಿಗೆ ಭಾರತ ಮೂಲದವರು ಒಂದು ಕಡೆ, ಆಫ್ರಿಕಾ ಮೂಲದವರು ಒಂದು ಕಡೆ ಅಂತ. 2020ರಲ್ಲಿ ಮಾರ್ಚ್ 2ಕ್ಕೆ ಓಟು ಹಾಕಿದರು, ಹೊಸ ಅಧ್ಯಕ್ಷರು ಪ್ರಮಾಣವಚನ ತೆಗೆದುಕೊಂಡದ್ದು ಆಗಸ್ಟ್ 2ಕ್ಕೆ. ಐದು ತಿಂಗಳು ಎಣಿಕೆ, ಮರು ಎಣಿಕೆ, ಕೋರ್ಟು! ಬಾರ್ಬಡೋಸ್‌ನಲ್ಲಿ ಸಂಜೆ ಡಬ್ಬಿ ಮುಚ್ಚಿದರೆ ಬೆಳಗಾಗುವುದರೊಳಗೆ ಎಲ್ಲ ಗೊತ್ತು.

ಶಾಂತಕ್ಕ_ಶಿರಸಿ
ಅದು ಪದ್ಧತಿಯ ತಪ್ಪಲ್ಲ, ಎಣಿಸುವವರ ತಪ್ಪು. ನಮ್ಮ ಸೊಸೈಟಿ ಚುನಾವಣೆಯಲ್ಲಿ 11 ಸೀಟಿಗೆ ಎಣಿಕೆ ಮಾಡಲು ರಾತ್ರಿ ಎರಡು ಗಂಟೆ ಆಗಿತ್ತು, ಅದೂ ಅಡಿಕೆ ಕೊಯ್ಲಿನ ಹೊತ್ತಿನಲ್ಲಿ. ಎಣಿಸುವವರು ಸರಿ ಇದ್ದರೆ ಯಾವ ಪದ್ಧತಿಯೂ ಬೇಗ ಮುಗಿಯುತ್ತದೆ.

ಹಳೇ_ಪೇಪರ್
ಯಾರೂ ಹೇಳದ ಒಂದು ಮಾತು ಇದೆ. ಬಾರ್ಬಡೋಸ್‌ನಲ್ಲಿ ಸಂವಿಧಾನ ತಿದ್ದಲು ಜನಮತ ಕೇಳಬೇಕಾಗಿಲ್ಲ. ಎರಡೂ ಮನೆಯಲ್ಲಿ ಮೂರರಲ್ಲಿ ಎರಡು ಪಾಲು ಇದ್ದರೆ ಸಾಕು. ರಾಣಿಯನ್ನು ತೆಗೆದದ್ದೂ ಹಾಗೇ, ಜನರನ್ನು ನೇರವಾಗಿ ಕೇಳಲಿಲ್ಲ. ಸೇಂಟ್ ವಿನ್ಸೆಂಟ್‌ನಲ್ಲಿ 2009ರಲ್ಲಿ ಜನರನ್ನು ಕೇಳಿದರು, ಜನ ಬೇಡ ಅಂದರು, ರಾಣಿ ಉಳಿದರು. 30-0 ಅಂದರೆ ಬರೀ ಖಾಲಿ ಬೆಂಚಿನ ಪ್ರಶ್ನೆ ಅಲ್ಲ. ಸೆನೆಟ್‌ನಲ್ಲಿ ತಮ್ಮ 12ರ ಜೊತೆ ಇನ್ನಿಬ್ಬರು ಒಪ್ಪಿದರೆ ಸಾಕು, ಒಂದು ಪಕ್ಷದ ಮೀಟಿಂಗ್‌ನಲ್ಲಿ ಕಾಫಿ ಕುಡಿಯುತ್ತಾ ದೇಶದ ಮೂಲ ಕಾನೂನು ಬದಲಿಸಬಹುದು. ಮೋಟ್ಲಿ ಒಳ್ಳೆಯವರೇ ಇರಬಹುದು. ಮುಂದೆ ಬರುವವರು?

ತುಮಕೂರು_ಸೀನ
ಇದು ಸರಿಯಾಗಿ ತಟ್ಟಿತು. ಅಡಿಗೆಯವರೇ, ಅಲ್ಲಿನ ಜನಕ್ಕೆ ಈ ಭಯ ಇದೆಯಾ?

ಕುಂದಾಪ್ರ_ಅಡಿಗೆಯವ
ಇದೆ, ಆದರೆ ಹೆದರಿ ಬಾಯಿ ಮುಚ್ಚಿಕೊಂಡು ಕೂತಿಲ್ಲ. ಇಲ್ಲಿ ಸಂಸತ್ತು ಎರಡಿವೆ ಅಂತ ನಾನು ತಮಾಷೆಗೆ ಹೇಳುವುದು, ಒಂದು ಬ್ರಿಜ್‌ಟೌನ್‌ನಲ್ಲಿ, ಇನ್ನೊಂದು ರೇಡಿಯೊದಲ್ಲಿ. ಫೋನ್ ಮಾಡಿ ಮಾತಾಡುವ ಕಾರ್ಯಕ್ರಮ ಬರುತ್ತದೆ, ನಮ್ಮ ಅಡಿಗೆಮನೆಯಲ್ಲಿ ಆ ಹೊತ್ತಿಗೆ ಮಿಕ್ಸಿ ಹಾಕಿದರೆ ಬೈಗುಳ. ಮಂತ್ರಿಯನ್ನು ಹೆಸರು ಹಿಡಿದು ಉಗಿಯುತ್ತಾರೆ. ಒಂದು ಕ್ಷೇತ್ರಕ್ಕೆ ಒಂಬತ್ತು ಸಾವಿರದ ಹತ್ತಿರ ಮತದಾರರು, ನಿಮ್ಮ ಬೆಂಗಳೂರಿನ ಒಂದು ವಾರ್ಡ್ ಇದರ ಎಷ್ಟೋ ಪಟ್ಟು ಇರಬೇಕು. ಎಂಪಿ ಸೂಪರ್ ಮಾರ್ಕೆಟ್‌ನಲ್ಲಿ ಸಿಗುತ್ತಾರೆ, ಸಾವಿನ ಮನೆಯಲ್ಲಿ ಸಿಗುತ್ತಾರೆ, ತಪ್ಪಿಸಿಕೊಳ್ಳಲು ಜಾಗ ಇಲ್ಲ.

ಮತ್ತೆ ರಮ್ ಶಾಪ್. ಅಂದರೆ ನಮ್ಮ ಗೂಡಂಗಡಿ ಮತ್ತು ಸಾರಾಯಿ ಅಂಗಡಿ ಎರಡೂ ಸೇರಿದ್ದು. ಪುಟ್ಟ ಮರದ ಮನೆ, ಹೊರಗೆ ಡಾಮಿನೋಸ್ ಆಟ, ಕಾಯಿಗಳನ್ನು ಟೇಬಲ್ ಮುರಿಯುವ ಹಾಗೆ ಬಡಿಯುತ್ತಾರೆ. ಅಲ್ಲೇ ಎಲ್ಲ ತೀರ್ಮಾನ. ಓಟಿಗೆ ಆಮಿಷ ಅನ್ನುವುದಕ್ಕೆ ಇಲ್ಲಿನ ಹಳೇ ಮಾತು 'ರಮ್ ಮತ್ತು ಕಾರ್ನ್ಡ್ ಬೀಫ್'. ನಮ್ಮಲ್ಲಿ ಕುಕ್ಕರ್, ಸೀರೆ ಇದ್ದ ಹಾಗೆ.

ಗದಗ_ಹುಡುಗ
ಕುಕ್ಕರ್ ಆದರೂ ನಾಲ್ಕು ವರ್ಷ ಬಾಳ್ತದ. ರಮ್ ರಾತ್ರಿಗೇ ಖಾಲಿ.

ಬೆಂಗ್ಳೂರ್_ಬಾಯ್
ಅಲ್ಲಿ ಬೇರೆ ಇಂಡಿಯನ್ಸ್ ಇದ್ದಾರಾ ಸರ್? ಟ್ರಿನಿಡಾಡ್ ಥರ?

ಕುಂದಾಪ್ರ_ಅಡಿಗೆಯವ
ಟ್ರಿನಿಡಾಡ್ ಥರ ಕಬ್ಬಿನ ಗದ್ದೆಗೆ ಹಡಗಿನಲ್ಲಿ ತಂದವರು ಇಲ್ಲಿಲ್ಲ. ಗುಜರಾತಿ ಮೂಲದ ಮುಸ್ಲಿಂ ಕುಟುಂಬಗಳು ತಲೆಮಾರಿನಿಂದ ಇವೆ, ಹಿಂದೆ ಮನೆ ಮನೆಗೆ ಬಟ್ಟೆ ಹೊತ್ತುಕೊಂಡು ಹೋಗಿ ಸಾಲಕ್ಕೆ ಮಾರುತ್ತಿದ್ದರಂತೆ. ಈಗ ಬ್ರಿಜ್‌ಟೌನ್ ಪೇಟೆಯಲ್ಲಿ ಅವರ ಅಂಗಡಿಗಳಿವೆ. ಕನ್ನಡ ಮಾತಾಡಬೇಕಾದರೆ ನಾನು ಫೋನ್ ಹಿಡಿಯಬೇಕು, ಅಥವಾ ಇಲ್ಲಿ ಬಂದು ನಿಮ್ಮ ಹತ್ತಿರ ಹರಟಬೇಕು.

ಕ್ರಿಕೆಟ್_ಕಿಟ್ಟಣ್ಣ
ಟೀಮ್ ಕಾಯುತ್ತಿದ್ದ ವಿಮಾನ ನಿಲ್ದಾಣದ ಹೆಸರು ಗ್ರಾಂಟ್ಲಿ ಆಡಮ್ಸ್. ಯಾರು ಗೊತ್ತಾ? ಬಿಎಲ್‌ಪಿ ಕಟ್ಟಿದವರಲ್ಲಿ ಮುಖ್ಯರು, 1938ರಲ್ಲಿ. ಅಂದರೆ ನಮ್ಮವರು ಬಾಗಿಲು ತೆಗೆಯಲಿ ಅಂತ ಕಾದದ್ದು ಕೂಡ ಆಳುವ ಪಕ್ಷದವರ ಹೆಸರಿನ ಮುಂದೆ!

ಕುಂದಾಪ್ರ_ಅಡಿಗೆಯವ
ಹೌದು. ಅದೇ ಪಕ್ಷ ಬಿಟ್ಟು ಬಂದು 1955ರಲ್ಲಿ ಡಿಎಲ್‌ಪಿ ಕಟ್ಟಿದವರಲ್ಲಿ ಬ್ಯಾರೋ ಒಬ್ಬರು. ನೋಟಿನಲ್ಲಿ ಇಬ್ಬರೂ ಇದ್ದಾರೆ, ಆಡಮ್ಸ್ ನೂರರಲ್ಲಿ, ಬ್ಯಾರೋ ಐವತ್ತರಲ್ಲಿ. ಐದರ ನೋಟಿನಲ್ಲಿ ವೆಸ್ಟ್ ಇಂಡೀಸ್ ಕ್ಯಾಪ್ಟನ್ ಆಗಿದ್ದ ಫ್ರಾಂಕ್ ವೊರೆಲ್, ಕಾಂಟ್ರಾಕ್ಟರ್ ಜೀವ ಉಳಿಸಲು ರಕ್ತ ಕೊಟ್ಟವರು. ನನ್ನ ಜೇಬಿನಲ್ಲಿ ಜಾಸ್ತಿ ಇರುವುದು ವೊರೆಲ್ಲೇ.

ಶಾಸನ_ಸಭಾಪತಿ
ಆಡಮ್ಸ್ ಪಕ್ಷದಿಂದ ಬ್ಯಾರೋ, ಮೋಟ್ಲಿ ಪಕ್ಷದಿಂದ ಆಥರ್ಲಿ, ಥಾರ್ನ್. ಅಲ್ಲಿ ವಿರೋಧ ಪಕ್ಷ ಯಾವಾಗಲೂ ಬಿಎಲ್‌ಪಿ ಹೊಟ್ಟೆಯಿಂದಲೇ ಹುಟ್ಟುತ್ತದೆ ನೋಡಿ.

ಹಳೇ_ಪೇಪರ್
ಮೋಟ್ಲಿಗೂ ಈ ರುಚಿ ಗೊತ್ತು. 2010ರಲ್ಲಿ ಅವರೇ ವಿರೋಧ ಪಕ್ಷದ ನಾಯಕಿ ಆಗಿದ್ದಾಗ ಸ್ವಂತ ಪಕ್ಷದವರೇ ಇಳಿಸಿ ಓವೆನ್ ಆರ್ಥರ್ ಅವರನ್ನು ಕೂರಿಸಿದ್ದರು. 2013ರ ಸೋಲಿನ ನಂತರವಷ್ಟೇ ಕುರ್ಚಿ ವಾಪಸ್ ಸಿಕ್ಕಿದ್ದು. ಎದುರಿನವರಿಗಿಂತ ಹಿಂದೆ ಕೂತವರನ್ನು ನೋಡಿಕೊಳ್ಳಬೇಕು ಅಂತ ಅವರಿಗೆ ಯಾರೂ ಕಲಿಸಬೇಕಾಗಿಲ್ಲ.

ತುಮಕೂರು_ಸೀನ
ಎಲ್ಲರಿಗೂ ಥ್ಯಾಂಕ್ಸ್, ಒಂದು ಪ್ರಶ್ನೆಗೆ ಇಷ್ಟೆಲ್ಲ ಬರುತ್ತೆ ಅಂದುಕೊಂಡಿರಲಿಲ್ಲ. ಮುಂದಿನ ಚುನಾವಣೆ ಯಾವಾಗ?

ಶಾಸನ_ಸಭಾಪತಿ
2027ರ ಮಧ್ಯದೊಳಗೆ ಆಗಲೇಬೇಕು. ಎಷ್ಟು ಮುಂಚೆ ಅನ್ನೋದು ಮೋಟ್ಲಿ ಮನಸ್ಸು.

ಹಳೇ_ಪೇಪರ್
ಡಿಎಲ್‌ಪಿಯವರು ಈ ಸಲ ಕ್ರಿಸ್‌ಮಸ್ ಹ್ಯಾಮ್ ಸ್ವಲ್ಪ ಬೇಗ ತಿಂದು ಮುಗಿಸಲಿ.

ಕುಂದಾಪ್ರ_ಅಡಿಗೆಯವ
ಪಾಳಿಗೆ ಹೊತ್ತಾಯಿತು, ಹೊರಟೆ. ದೋಣಿಗಳು ಹೋದದ್ದರಿಂದ ಹಾರುವ ಮೀನು ಸಿಗುತ್ತಿಲ್ಲ, ಇವತ್ತು ಎಲ್ಲರಿಗೂ ಕೋಳಿ. ಮುಂದಿನ ಓಟಿಗೆ ನನ್ನ ಹೆಸರನ್ನು ಇಂಗ್ಲಿಷ್‌ನಲ್ಲಿ ಬಿಡಿಸಿ ಬಿಡಿಸಿ ಬರೆದುಕೊಂಡು ಹೋಗುತ್ತೇನೆ.

ಸುಮ್ನೆ_ಓದುವವ
ಹಾರುವ ಮೀನಿಗೆ ಕುಂದಾಪುರದ ಮಸಾಲೆ ಹಾಕಿ ನೋಡಿದ್ದೀರಾ? ಹಾಕಿದ್ದರೆ ಅದಕ್ಕೆ ಬೇರೆ ಚರ್ಚೆ ತೆಗೆಯಿರಿ.